ಮೇಯಲ್ಲಿ ಹತ್ತದ ಮಾಡಿಗೆ ಜುಲೈಯಲ್ಲಿ ಹುಡುಗನನ್ನು ಹತ್ತಿಸಿದೆವು

ಕಳೆದ ವರ್ಷ ಜುಲೈ ತಿಂಗಳ ಒಂದು ಗುರುವಾರ. ಮೂರು ದಿನದಿಂದ ಬಿಡದೆ ಮಳೆ. ನಮ್ಮ ಮದ್ರಸದ ಇಂಟರ್‌ನೆಟ್ ಎರಡು ದಿನದಿಂದ ಬಂದು ಹೋಗಿ ಮಾಡುತ್ತಿತ್ತು, ಆ ದಿನ ಬೆಳಿಗ್ಗೆ ಪೂರ್ತಿ ನಿಂತೇ ಹೋಯಿತು. ಮರುದಿನ ಸಂಜೆ ಗಲ್ಫ್‌ನಲ್ಲಿರುವ ನಮ್ಮ ಊರಿನವರ ಜೊತೆ ವಿಡಿಯೊ ಮೀಟಿಂಗ್ ಇಟ್ಟಿದ್ದೆವು. ಜುಬೈಲ್‌ನಿಂದ, ದುಬೈಯಿಂದ, ಮಸ್ಕತ್‌ನಿಂದ ಇಪ್ಪತ್ತು ಮೂವತ್ತು ಜನ ಕೂರುವ ಮೀಟಿಂಗ್. ನೆಟ್ ಇಲ್ಲ ಅಂದರೆ ಹೇಗೆ? ಲೈನ್ ನೋಡುವ ಹುಡುಗನಿಗೆ ಫೋನ್ ಮಾಡಿದೆವು. "ಉಸ್ತಾದರೇ, ಮಳೆ ಒಂಚೂರು ಬಿಡಲಿ, ಮಾಡು ಜಾರ್ತದೆ" ಎಂದ. ನಾವು ಬಿಡಲಿಲ್ಲ. ಮೂರನೇ ಸಲ ಫೋನ್ ಮಾಡಿದಾಗ ಸ್ವರ ಸ್ವಲ್ಪ ಏರಿಸಿಯೇ ಮಾತಾಡಿದೆವು. ನಮ್ಮಲ್ಲೇ ಏಳನೇ ತರಗತಿವರೆಗೆ ಕಲಿತ ಹುಡುಗ. ಉಸ್ತಾದ್ ಹೇಳಿದ ಮೇಲೆ ಅವನು ಇಲ್ಲ ಅನ್ನಲಾರ ಎಂಬುದು ನಮಗೂ ಗೊತ್ತಿತ್ತು.

ಹುಡುಗ ಬಂದ. ಬೈಕ್ ನಿಲ್ಲಿಸಿ, ರೈನ್‌ಕೋಟ್ ತೆಗೆದು, ಏಣಿ ಇಟ್ಟು ಹತ್ತಿದ. ನಮ್ಮ ಮದ್ರಸದ ಮುಂಭಾಗ ಹಂಚಿನದ್ದು, ಹಿಂದಿನ ಚಾವಡಿಗೆ ಸಿಮೆಂಟ್ ಶೀಟ್. ಒಳಗೆ ಬೆಳಕು ಬೀಳಲಿ ಎಂದು ನಡುವೆ ಎರಡು ಕಡೆ ಫೈಬರ್ ಶೀಟ್ ಹಾಕಿಸಿದ್ದೆವು. ಹಾಕಿಸುವಾಗ ಅದು ಬಿಳಿಯಾಗಿತ್ತು. ಹತ್ತು ಮಳೆಗಾಲ ಕಳೆದ ಮೇಲೆ ಪಾಚಿ ಹಿಡಿದು ಸಿಮೆಂಟ್ ಯಾವುದು, ಫೈಬರ್ ಯಾವುದು ಎಂದು ಮೇಲಿನಿಂದ ಗೊತ್ತಾಗದ ಹಾಗೆ ಆಗಿತ್ತು. ಡಿಶ್ ಕಟ್ಟಿದ ಪೈಪಿನ ಹತ್ತಿರ ಹೋಗಬೇಕಾದರೆ ಆ ಶೀಟಿನ ಮೇಲೆಯೇ ನಡೆಯಬೇಕು. ಹುಡುಗ ನಾಲ್ಕು ಹೆಜ್ಜೆ ಇಟ್ಟ. ಐದನೆಯದು ಫೈಬರ್ ಮೇಲೆ ಬಿತ್ತು. ನಾವು ಕೆಳಗೆ ಮಕ್ಕಳ ಬೆಂಚುಗಳ ನಡುವೆ ನಿಂತು "ಸಿಕ್ಕಿತಾ?" ಎಂದು ಕೇಳುತ್ತಾ ಇದ್ದೆವು. ಅವನು ನಮ್ಮ ಕಣ್ಣ ಮುಂದೆಯೇ ಬಂದು ಬಿದ್ದ.

ಹಿಮ್ಮಡಿಯ ಎಲುಬು ಮುರಿದಿತ್ತು. ಮಂಗಳೂರಿನಲ್ಲಿ ಆಪರೇಷನ್ ಆಯಿತು, ಮೂರು ತಿಂಗಳು ಆ ಕಾಲು ನೆಲಕ್ಕೆ ಊರುವ ಹಾಗಿರಲಿಲ್ಲ. ಕನೆಕ್ಷನ್ ಕೊಟ್ಟವರನ್ನು ಕೇಳಿದರೆ, "ಅವನು ನಮ್ಮ ಸ್ಟಾಫ್ ಅಲ್ಲ, ಕಮಿಷನ್ ಮೇಲೆ ಕೆಲಸ ಮಾಡುವವ" ಎಂಬ ಉತ್ತರ ಬಂತು. ಮರುದಿನದ ಮೀಟಿಂಗ್ ನಿಲ್ಲಲಿಲ್ಲ. ಒಬ್ಬರ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ನಡೆಸಿದೆವು. ಆ ಮೀಟಿಂಗ್‌ನಲ್ಲಿ ಚರ್ಚೆಯಾದ ಒಂದೇ ಒಂದು ವಿಷಯ, ಹುಡುಗನ ಆಸ್ಪತ್ರೆ ಬಿಲ್ಲಿಗೆ ಯಾರು ಎಷ್ಟು ಕೊಡುವುದು ಎಂಬುದು. ಹಾಟ್‌ಸ್ಪಾಟ್‌ನಲ್ಲಿ ಮುಗಿಯುವ ಕೆಲಸಕ್ಕೆ ಅವನನ್ನು ಮಾಡಿಗೆ ಹತ್ತಿಸಿದೆವಲ್ಲ ಎಂದು ಅಲ್ಲಿದ್ದ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನಾಲ್ಕನೇ ದಿನ ಬಿಸಿಲು ಬಂತು. ಇನ್ನೊಬ್ಬ ಹುಡುಗ ಬಂದು, ಹಲಗೆ ಹಾಸಿ ಅದರ ಮೇಲೆ ನಡೆದು ನೋಡಿದ. ಡಿಶ್‌ಗೆ ಏನೂ ಆಗಿರಲಿಲ್ಲ. ಹಿಂದೊಮ್ಮೆ ಕೇಬಲ್ ಉದ್ದ ಸಾಲದೆ ನಡುವೆ ಒಂದು ಜಾಯಿಂಟ್ ಹಾಕಿದ್ದರು. ಅದಕ್ಕೆ ಸುತ್ತಿದ ಟೇಪು ಬಿಸಿಲಿಗೆ ಬಿಟ್ಟುಕೊಂಡು, ಒಳಗೆ ನೀರು ಹೋಗಿ, ತಂತಿಯ ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಮೇ ತಿಂಗಳಲ್ಲಿ ಯಾರಾದರೂ ಒಣಗಿದ ಮಾಡಿನ ಮೇಲೆ ಒಂದು ಸಲ ಹೋಗಿ ನೋಡಿದ್ದರೆ ಹತ್ತು ನಿಮಿಷದ ಕೆಲಸ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ. ಮಾಡಿನ ಮೇಲೆ ಡಿಶ್ ಕಟ್ಟುವುದು ಒಂದು ದಿನದ ಕೆಲಸ, ಅದನ್ನು ನೋಡಿಕೊಳ್ಳುವುದು ವರ್ಷದ ಕೆಲಸ. ನಾವು ಮೊದಲನೆಯದಕ್ಕೆ ದುಡ್ಡು ಕೊಡುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಮರೆತದ್ದರ ಬೆಲೆಯನ್ನು ಮಳೆಯಲ್ಲಿ ಏಣಿ ಹತ್ತುವ ಹುಡುಗ ಕೊಡುತ್ತಾನೆ.

ಗುಡ್ಡದ ಊರಿಗೆ ಗಾಳಿಯ ದಾರಿ

ಇದು ಏನು ವ್ಯವಸ್ಥೆ ಎಂದು ಸರಿಯಾಗಿ ಗೊತ್ತಿಲ್ಲದವರಿಗೆ ಎರಡು ಮಾತು. ಪೇಟೆಯಿಂದ ಒಂದು ಎತ್ತರದ ಗುಡ್ಡದವರೆಗೆ ಅಥವಾ ಟವರ್‌ವರೆಗೆ ಫೈಬರ್ ಕೇಬಲ್ ಬರುತ್ತದೆ. ಅಲ್ಲಿಂದ ಮುಂದೆ ತಂತಿ ಇಲ್ಲ. ಟವರಿನಲ್ಲಿರುವ ಸಾಧನ ರೇಡಿಯೊ ತರಂಗ ಬಿಡುತ್ತದೆ, ನಮ್ಮ ಮಾಡಿನಲ್ಲಿ ಊಟದ ಬಟ್ಟಲಿನಷ್ಟು ದೊಡ್ಡ ಇನ್ನೊಂದು ಸಾಧನ ಅದನ್ನು ಹಿಡಿಯುತ್ತದೆ. ಟಿವಿಯ ಡಿಶ್‌ನ ಹಾಗೆ ಕಾಣುವುದರಿಂದ ನಮ್ಮ ಕಡೆ ಎಲ್ಲರೂ ಅದನ್ನು ಡಿಶ್ ಅಂತಲೇ ಕರೆಯುವುದು. ಅಲ್ಲಿಂದ ಒಂದೇ ಕೇಬಲ್ ಮನೆಯೊಳಗೆ ಇಳಿಯುತ್ತದೆ. ಅದೇ ಕೇಬಲಿನಲ್ಲಿ ನೆಟ್ ಕೆಳಗೆ ಬರುತ್ತದೆ, ಡಿಶ್‌ಗೆ ಬೇಕಾದ ಕರೆಂಟ್ ಮೇಲೆ ಹೋಗುತ್ತದೆ.

ನಮ್ಮ ಭಾಗಕ್ಕೆ ಇದು ಯಾಕೆ ಬೇಕಾಯಿತು? ಇಲ್ಲಿ ಮನೆಗಳು ಘಟ್ಟದ ಮೇಲಿನ ಊರುಗಳ ಹಾಗೆ ಒಂದಕ್ಕೊಂದು ಒತ್ತಿಕೊಂಡು ಇಲ್ಲ. ಒಂದು ಮನೆ ತೋಟದ ತಗ್ಗಿನಲ್ಲಿ, ಇನ್ನೊಂದು ಗುಡ್ಡದ ತಲೆಯಲ್ಲಿ. ಒಂದು ಮನೆಗೋಸ್ಕರ ಅರ್ಧ ಕಿಲೋಮೀಟರ್ ಫೈಬರ್ ಎಳೆದರೆ ಎಳೆದವನಿಗೆ ಲಾಭ ಇಲ್ಲ. ಎಳೆದರೂ ಮಳೆಗಾಲದಲ್ಲಿ ಮರ ಬಿದ್ದು ತುಂಡಾಗುತ್ತದೆ. ಗಾಳಿಯಲ್ಲಿ ಹೋಗುವ ತರಂಗಕ್ಕೆ ಆ ತೊಂದರೆ ಇಲ್ಲ.

ಇದು ತೀರಾ ಹೊಸತೂ ಅಲ್ಲ. 2000ರ ದಶಕದಲ್ಲಿ ಗುಡ್ಡದ ಬದಿಯ ಮನೆಗಳಿಗೆ ಬಿಎಸ್ಸೆನ್ನೆಲ್‌ನವರು ಕೊಟ್ಟ ಡಬ್ಲ್ಯುಎಲ್‌ಎಲ್ ಫೋನ್ ಹಿರಿಯರಿಗೆ ನೆನಪಿರಬಹುದು. ತಂತಿ ಇಲ್ಲ, ಹೊರಗೆ ಒಂದು ಆಂಟೆನಾ, ಒಳಗೆ ಫೋನ್. ಗಲ್ಫ್‌ನಿಂದ ಬರುವ ಕಾಲ್‌ಗೆ ಎಷ್ಟೋ ಮನೆಯ ಉಮ್ಮಂದಿರು ಅದರ ಮುಂದೆ ಕಾದು ಕೂತಿದ್ದಾರೆ. ಅದಕ್ಕೂ ಮುಂಚೆ 1990ರ ದಶಕದಲ್ಲಿ ಮದ್ರಾಸಿನ ಐಐಟಿಯಲ್ಲಿ ಪ್ರೊಫೆಸರ್ ಅಶೋಕ್ ಝುಂಝುನ್‌ವಾಲಾ ಮತ್ತು ಅವರ ತಂಡ ಕಾರ್‌ಡೆಕ್ಟ್ ಎಂಬ ವ್ಯವಸ್ಥೆ ತಯಾರಿಸಿತ್ತು. ಹಳ್ಳಿಗೆ ತಂತಿ ಎಳೆಯುವ ಖರ್ಚಿಲ್ಲದೆ ಫೋನ್ ಮತ್ತು ಇಂಟರ್‌ನೆಟ್ ಎರಡನ್ನೂ ಕೊಡುವುದು ಅದರ ಉದ್ದೇಶ. ವೇಗ ಸೆಕೆಂಡಿಗೆ 35ರಿಂದ 70 ಕಿಲೋಬಿಟ್. ಇಂದಿನ ಲೆಕ್ಕದಲ್ಲಿ ಏನೂ ಅಲ್ಲ, ಆ ಕಾಲಕ್ಕೆ ಅದೇ ದೊಡ್ಡದು.

2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್ ತರಂಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಅಂದರೆ ತರಂಗಕ್ಕೆ ಹರಾಜಿನಲ್ಲಿ ಕೋಟಿ ಸುರಿಯದೆ, ಊರಿನ ಸಣ್ಣ ಕೇಬಲ್‌ನವರೂ ಗುಡ್ಡದ ಮನೆಗೆ ನೆಟ್ ಕೊಡುವುದು ಸುಲಭವಾಯಿತು. ಮತ್ತೆ ಕೊರೊನಾ ಬಂತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಒಂದು ಹಳ್ಳಿಯ ಫೋಟೊ ದೇಶವೆಲ್ಲ ನೋಡಿತು. ರಸ್ತೆ ಬದಿಯಲ್ಲಿ ಮಗಳು ಕೂತು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಾಳೆ, ಮಳೆಗೆ ಅಪ್ಪ ಅವಳ ತಲೆಗೆ ಕೊಡೆ ಹಿಡಿದು ನಿಂತಿದ್ದಾರೆ. ಮನೆಯೊಳಗೆ ಸಿಗ್ನಲ್ ಇರಲಿಲ್ಲ. ಆ ಫೋಟೊದಲ್ಲಿದ್ದದ್ದು ಒಂದು ಮನೆ, ನಮ್ಮ ಜಿಲ್ಲೆಯಲ್ಲಿ ಅಂಥ ಮನೆ ಎಷ್ಟೋ. ಮಾಡು ಮಾಡಿಗೆ ಡಿಶ್ ಬಂದದ್ದು ಆ ದಿನಗಳಲ್ಲಿ. 2023ರಲ್ಲಿ ಏರ್‌ಟೆಲ್ ಮತ್ತು ಜಿಯೊ 5ಜಿಯನ್ನೇ ಬಳಸಿ ಮನೆಗೆ ನೆಟ್ ಕೊಡಲು ಶುರು ಮಾಡಿದ ಮೇಲೆ ಇದು ಇನ್ನಷ್ಟು ಹೆಚ್ಚಾಯಿತು.

ಡಿಶ್ ಹಾಳಾಗುವುದು ಹೇಗೆ

ಹುಡುಗ ಮನೆಯಲ್ಲಿ ಮಲಗಿದ್ದ ಮೂರು ತಿಂಗಳು ನಾವು ಆಗಾಗ ನೋಡಲು ಹೋಗುತ್ತಿದ್ದೆವು. ಮೊದಮೊದಲು ಅವನ ಮುಖ ನೋಡಲು ಸಂಕೋಚ. ಆಮೇಲೆ ಅವನೇ ಮಾತು ತೆಗೆದು ತನ್ನ ಕೆಲಸದ ಬಗ್ಗೆ ಒಂದೊಂದೇ ಹೇಳಿಕೊಟ್ಟ. ಅಲಿಫ್ ಬಾ ಕಲಿಸಿದ ಹುಡುಗನ ಹತ್ತಿರ ನಾವು ಪಾಠ ಕೇಳಿದೆವು. ಅವನು ಹೇಳಿದ್ದನ್ನು ಇಲ್ಲಿ ಬರೆಯುತ್ತೇವೆ, ಡಿಶ್ ಇರುವ ಮನೆಯವರಿಗೆ ಉಪಯೋಗವಾಗಲಿ.

ಮೊದಲನೆಯದು ಮರ. ಟವರ್ ಮತ್ತು ಡಿಶ್ ಒಂದಕ್ಕೊಂದು ಕಾಣಬೇಕು. ಬರೀ ಕಣ್ಣಿನ ಗೆರೆ ಸಾಲದು, ಆ ಗೆರೆಯ ಸುತ್ತಲೂ ಖಾಲಿ ಜಾಗ ಬೇಕು. ಟವರ್ ಎರಡು ಕಿಲೋಮೀಟರ್ ದೂರ ಇದ್ದರೆ ನಡುಭಾಗದಲ್ಲಿ ಸುತ್ತಲೂ 3 ಮೀಟರಿನಷ್ಟಾದರೂ ಬಿಡಬೇಕು ಎಂಬ ಲೆಕ್ಕ ಇದೆ. ಕನೆಕ್ಷನ್ ಕೊಡುವುದು ಬೇಸಗೆಯಲ್ಲಿ. ಆಗ ಎಲ್ಲ ಚೆನ್ನಾಗಿರುತ್ತದೆ. ಮಳೆ ಬಂದಾಗ ಸ್ಪೀಡ್ ಬೀಳುತ್ತದೆ. ಮಳೆಹನಿಯಿಂದ ಎಂದು ನಾವು ತಿಳಿಯುತ್ತೇವೆ. 5 ಗಿಗಾಹರ್ಟ್ಸ್ ತರಂಗಕ್ಕೆ ಮಳೆಹನಿ ದೊಡ್ಡ ಅಡ್ಡಿಯಲ್ಲ, ನೀರು ಕುಡಿದ ಎಲೆಯೇ ಅಡ್ಡಿ. ತೆಂಗಿನ ಒಂದು ಮಡಲು ಗಾಳಿಗೆ ಅಡ್ಡ ಬಂದು ಹೋದರೆ ನೆಟ್ಟೂ ಬಂದು ಹೋಗುತ್ತದೆ. ಸಿಗ್ನಲ್‌ನ ಅಳತೆ ಮೈನಸ್ ಅಂಕಿಯಲ್ಲಿರುತ್ತದೆ. ಮೈನಸ್ 60 ಇದ್ದದ್ದು ಮೈನಸ್ 63 ಆದರೆ ಬರುವ ಶಕ್ತಿ ಅರ್ಧಕ್ಕೆ ಇಳಿಯಿತು ಎಂದರ್ಥ. ಕನೆಕ್ಷನ್ ಕೊಟ್ಟ ದಿನ ಆ ಅಂಕಿ ಎಷ್ಟಿತ್ತು ಎಂದು ಗೋಡೆಯಲ್ಲಿ ಬರೆದಿಟ್ಟರೆ ಮುಂದೆ ಹೋಲಿಸಿ ನೋಡಬಹುದು. ಯಾರೂ ಬರೆದಿಡುವುದಿಲ್ಲ.

ಎರಡನೆಯದು ಕೇಬಲ್. ಪೂರ್ತಿ ತಾಮ್ರದ್ದು ಅಂತ ಹೇಳಿ, ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಇರುವ ಅಗ್ಗದ ಕೇಬಲ್ ಕಟ್ಟುವವರಿದ್ದಾರೆ. ಅದರಲ್ಲಿ ಕರೆಂಟ್ ಹರಿಯಲು ತಡೆ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಕೇಬಲ್ ಉದ್ದವಾದರೆ ಮೇಲಿನ ಡಿಶ್‌ಗೆ ಸಾಕಷ್ಟು ವೋಲ್ಟೇಜ್ ಮುಟ್ಟುವುದಿಲ್ಲ, ಅದು ಆಫ್ ಆಗಿ ಆನ್ ಆಗುತ್ತಾ ಇರುತ್ತದೆ. ಒಳಾಂಗಣದ ಕೇಬಲನ್ನು ಬಿಸಿಲಿಗೆ ಹಾಕಿದರೆ ಎರಡು ಬೇಸಗೆಯಲ್ಲಿ ಸಿಪ್ಪೆ ಒಡೆಯುತ್ತದೆ. ಹೊರಗಿನದ್ದೇ ಕೇಬಲ್ ಬೇಕು, ನಡುವೆ ಜಾಯಿಂಟ್ ಇರಬಾರದು. ಗೋಡೆಯ ತೂತಿಗೆ ಹೋಗುವ ಮೊದಲು ಕೇಬಲ್ ಸ್ವಲ್ಪ ಕೆಳಗೆ ಜೋತು ಬಿದ್ದು ಮೇಲೆ ಹೋಗಬೇಕು. ಆಗ ಅದರ ಮೇಲೆ ಹರಿದು ಬರುವ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಮನೆಯೊಳಗಿನ ಜಾಕ್‌ಗೆ ಬರುವುದಿಲ್ಲ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಮೂರನೆಯದು ತುಕ್ಕು. ಉಳ್ಳಾಲ, ಸೋಮೇಶ್ವರದ ಕಡೆ ಕಡಲಿನ ಉಪ್ಪುಗಾಳಿಗೆ ಸಾದಾ ಕಬ್ಬಿಣದ ಕ್ಲಾಂಪ್ ಬೇಗನೆ ಕರಗುತ್ತದೆ. ಕ್ಲಾಂಪ್ ಸಡಿಲವಾದರೆ ಡಿಶ್ ಎರಡು ಬೆರಳಿನಷ್ಟು ತಿರುಗುತ್ತದೆ, ಟವರಿನ ನೇರ ತಪ್ಪುತ್ತದೆ. ತೋಟದ ಬದಿಯವರಿಗೆ ತುಕ್ಕಿನ ತೊಂದರೆ ಕಡಿಮೆ, ಮಂಗ ಮತ್ತು ಇರುವೆಯದ್ದು ಜಾಸ್ತಿ. ಬೆಚ್ಚಗಿನ ಜಾಗ ಎಂದು ಇರುವೆ ಡಿಶ್‌ನೊಳಗೆ ಗೂಡು ಮಾಡುತ್ತದೆ.

ನಾಲ್ಕನೆಯದು ಸಿಡಿಲು, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಜಡಿಮಳೆಗಿಂತ ಅದರ ಮುಂಚಿನ ಏಪ್ರಿಲ್, ಮೇ ಮತ್ತು ಅದರ ನಂತರದ ಅಕ್ಟೋಬರ್, ನವೆಂಬರ್ ಸಂಜೆಗಳಲ್ಲಿ ಗುಡುಗು ಮಿಂಚು ಹೆಚ್ಚು. ಸಿಡಿಲು ನೇರ ಮನೆಗೇ ಹೊಡೆದರೆ ಮಾತು ಬೇರೆ. ಆದರೆ ಸಾಧನಗಳು ಸುಡುವುದು ಹೆಚ್ಚಾಗಿ ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿನಿಂದ. ಅದರ ಹೊಡೆತ ಕರೆಂಟ್ ಲೈನಿನಲ್ಲೂ ಮಾಡಿನಿಂದ ಇಳಿದ ಕೇಬಲಿನಲ್ಲೂ ಒಳಗೆ ಬರುತ್ತದೆ. ಡಿಶ್, ಅಡಾಪ್ಟರ್, ರೂಟರ್, ಕೆಲವೊಮ್ಮೆ ಅದಕ್ಕೆ ಜೋಡಿಸಿದ ಟಿವಿ ಸಮೇತ ಹೋಗುತ್ತದೆ.

ತಡೆಯಲು ಬೇಕಾದದ್ದು ಅರ್ಥಿಂಗ್. ಹೊಸ ಮನೆಗಳಲ್ಲಿ ಅರ್ಥಿಂಗ್ ಇರುತ್ತದೆ, ಆದರೆ ಡಿಶ್‌ನ ಪೈಪನ್ನು ಅದಕ್ಕೆ ಜೋಡಿಸಿದ ಮನೆ ನಮ್ಮ ಹುಡುಗ ನೋಡಿದ್ದು ಕೈಬೆರಳಲ್ಲಿ ಎಣಿಸುವಷ್ಟು. ಹಳೇ ಮನೆಗಳಲ್ಲಿ ಹಿಂದೆಂದೋ ತೋಡಿದ ಗುಂಡಿ ಎಲ್ಲಿದೆ ಎಂದೇ ಮನೆಯವರಿಗೆ ಗೊತ್ತಿಲ್ಲ. ಅರ್ಥಿಂಗ್‌ಗೆ ಐಎಸ್ 3043 ಎಂಬ ಭಾರತೀಯ ಮಾನಕ ಇದೆ. ಪೈಪ್ ಹೂಳುವುದಾದರೆ ಜಿಐ ಪೈಪ್ ಎರಡೂವರೆ ಮೀಟರಿಗೆ ಕಡಿಮೆ ಇರಬಾರದು ಎನ್ನುತ್ತದೆ. ನಮ್ಮ ಕಡೆ ಒಂದಾಳುದ್ದ ತೋಡಿದಾಗ ಕೆಂಪುಕಲ್ಲು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಆ ಕಲ್ಲು ಬೇಸಗೆಯಲ್ಲಿ ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಗುಡುಗು ಶುರುವಾಗುವುದು ಸರಿಯಾಗಿ ಆ ಹೊತ್ತಿಗೇ. ಆದ್ದರಿಂದ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಕೊಡ ನೀರು ಆ ಗುಂಡಿಗೆ ಹೊಯ್ಯಬೇಕು. ಡಿಶ್‌ನ ಪೈಪಿಗೆ ಬೇರೆ ಅರ್ಥಿಂಗ್ ಮಾಡಿ ಸುಮ್ಮನೆ ಬಿಡಬಾರದು, ಮನೆಯ ಅರ್ಥಿಂಗ್ ಜೊತೆ ಸೇರಿಸಬೇಕು. ಇದು ಲೈಸೆನ್ಸ್ ಇರುವ ವಯರ್‌ಮ್ಯಾನ್ ಮಾಡುವ ಕೆಲಸ, ಕೈಗೆ ಸಿಕ್ಕವರದ್ದಲ್ಲ.

ಮನೆಯಲ್ಲಿರುವವರು ಮಾಡಬಹುದಾದ ಒಂದು ಕೆಲಸ ಉಂಟು. ಮೋಡ ಕಟ್ಟುವುದು ಕಂಡ ಕೂಡಲೇ ಅಡಾಪ್ಟರನ್ನು ಪ್ಲಗ್‌ನಿಂದ ಕೀಳುವುದು, ಮಾಡಿನಿಂದ ಬಂದ ಕೇಬಲಿನ ಜಾಕನ್ನೂ ಕೀಳುವುದು. ಸ್ವಿಚ್ ಆಫ್ ಮಾಡಿದರೆ ಸಾಲದು. ಗುಡುಗು ತಲೆಯ ಮೇಲೆ ಬಂದ ನಂತರ ಆ ಕೇಬಲ್ ಮುಟ್ಟುವುದೂ ಬೇಡ, ಸುಟ್ಟರೆ ಸಾಧನ ಸುಡಲಿ.

ಇದು ನಮ್ಮ ಊರಿನ ಕತೆ ಮಾತ್ರವಲ್ಲ. ತಮಿಳುನಾಡಿನ ಥೇಣಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯವರು ಸುತ್ತಲಿನ ಹಳ್ಳಿಗಳಲ್ಲಿ ಸಣ್ಣ ಕಣ್ಣಿನ ಕೇಂದ್ರ ತೆರೆದು, ದೂರದವರೆಗೆ ಹೋಗುವ ಇಂಥದ್ದೇ ವೈಫೈ ಲಿಂಕ್ ಹಾಕಿದ್ದರು. ರೋಗಿ ಹಳ್ಳಿಯಲ್ಲೇ ಕೂತು ಆಸ್ಪತ್ರೆಯ ಡಾಕ್ಟರ ಹತ್ತಿರ ವಿಡಿಯೊದಲ್ಲಿ ಮಾತಾಡುವ ವ್ಯವಸ್ಥೆ. ಅದಕ್ಕೆ ನೆರವಾದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು. ಕೆಲವು ವರ್ಷ ಅದನ್ನು ನಡೆಸಿ ನೋಡಿ 2008ರಲ್ಲಿ ಅವರು ತಮ್ಮ ಅನುಭವ ಬರೆದರು. ಲಿಂಕ್ ನಿಲ್ಲಲು ದೊಡ್ಡ ಕಾರಣ ರೇಡಿಯೊ ಅಲ್ಲ, ಹಳ್ಳಿಯ ಕರೆಂಟ್. ಏರಿಳಿಯುವ ವೋಲ್ಟೇಜ್ ಸಾಧನಗಳನ್ನು ಕೆಡಿಸುತ್ತಿತ್ತು. ಎಲ್ಲದಕ್ಕೂ ದೂರದ ಎಂಜಿನಿಯರ್ ಬರಬೇಕೆಂದರೆ ಆಗುವುದಿಲ್ಲ, ಅಲ್ಲಿಯ ಸಿಬ್ಬಂದಿಗೇ ಕಲಿಸಬೇಕು ಎಂಬುದನ್ನೂ ಅವರು ಕಂಡುಕೊಂಡರು. ಓದಿದವರು ವರ್ಷಗಟ್ಟಲೆ ನೋಡಿ ಹೇಳಿದ ಮಾತೂ, ಎಲುಬು ಮುರಿದು ಮಲಗಿದ ನಮ್ಮ ಹುಡುಗ ಹೇಳಿದ ಮಾತೂ ಒಂದೇ ಆಯಿತಲ್ಲ ಎಂದು ನಮಗೆ ಅನ್ನಿಸಿತು.

ಏಣಿ ಹತ್ತುವವನ ಲೆಕ್ಕ

ಈಗ ಹುಡುಗನ ವಿಷಯಕ್ಕೆ ಬರುತ್ತೇವೆ. ಹೊಸ ಕನೆಕ್ಷನ್ ಕೊಟ್ಟರೆ ಅವನಿಗೆ 250 ರೂಪಾಯಿ. ಹಳೆಯದು ಕೆಟ್ಟರೆ ಹೋಗಿ ನೋಡುವುದಕ್ಕೆ ಪೆಟ್ರೋಲಿನ ದುಡ್ಡು ಮಾತ್ರ. ಹಾಗಾದರೆ ಅವನು ಯಾವ ಕೆಲಸಕ್ಕೆ ಓಡುತ್ತಾನೆ ನೀವೇ ಹೇಳಿ. ಒಂದು ದಿನದಲ್ಲಿ ನಾಲ್ಕು ಕನೆಕ್ಷನ್ ಕೊಟ್ಟರೆ ಸಾವಿರ. ನಾಲ್ಕು ಕೊಡಬೇಕಾದರೆ ಅರ್ಥಿಂಗ್‌ಗೆ ಸಮಯ ಇಲ್ಲ, ಜಾಯಿಂಟ್ ಸರಿ ಮಾಡಲು ಸಮಯ ಇಲ್ಲ, ಪೈಪ್ ಎಲ್ಲಿ ಹಾಕಿದರೆ ಮುಂದೆ ಹತ್ತುವವನಿಗೆ ಸುಲಭ ಎಂದು ಯೋಚಿಸಲೂ ಸಮಯ ಇಲ್ಲ. ಕಟ್ಟಿ ಓಡುವುದಕ್ಕೆ ಕೂಲಿ ಇಟ್ಟು, ನೋಡಿಕೊಳ್ಳುವುದಕ್ಕೆ ಕೂಲಿ ಇಡದಿದ್ದರೆ ಕೆಲಸ ಹೀಗೇ ಆಗುವುದು. ಇದರಲ್ಲಿ ಹುಡುಗರ ತಪ್ಪು ಹುಡುಕಿ ಪ್ರಯೋಜನ ಇಲ್ಲ.

ಅಡಿಕೆ ಮರ ಹತ್ತುವವರನ್ನು ನಾವು ಹೇಗೆ ಕಾಣುತ್ತೇವೆ? ಕೊಯ್ಲಿನ ಸಮಯದಲ್ಲಿ ಅವರು ಹೇಳಿದ ದಿನವೇ ಆಗಬೇಕು. ಮಳೆ ಬಂದು ಮರ ಜಾರುತ್ತದೆ ಎಂದರೆ ತೋಟದ ಯಜಮಾನ ಮರುಮಾತಿಲ್ಲದೆ ಕಾಯುತ್ತಾನೆ, ಯಾಕೆಂದರೆ ಮರ ಹತ್ತುವುದು ಕಸುಬು ಎಂದು ಅವನಿಗೆ ಗೊತ್ತು. ಮಾಡು ಹತ್ತುವ ನೆಟ್ಟಿನ ಹುಡುಗನದ್ದು ಕಸುಬು ಎಂದು ನಮಗೆ ಇನ್ನೂ ಅನ್ನಿಸಿಲ್ಲ. ಮೊಬೈಲ್ ಅಂಗಡಿಯಲ್ಲಿ ನಿಂತು ಕಾಲ ಕಳೆಯುವವ, ಪಿಯುಸಿ ಮುಗಿಸಿ ವೀಸಾ ಕಾಯುವವ, ಕರೆದರೆ ಬರಬೇಕಾದವ ಎಂದೇ ನಮ್ಮ ಲೆಕ್ಕ. ಹುಡುಗ "ಮಾಡು ಜಾರ್ತದೆ" ಎಂದಾಗ ನಾವು ಅದನ್ನು ನೆಪ ಎಂದುಕೊಂಡೆವು. ಕಸುಬು ತಿಳಿದವನ ಮಾತು ಅದು ಎಂದುಕೊಳ್ಳಲಿಲ್ಲ.

ಕಸುಬು ಎಂದಮೇಲೆ ಅದಕ್ಕೆ ಕಲಿಕೆ ಬೇಕು. ಐಟಿಐಯಲ್ಲಿ ಇಲೆಕ್ಟ್ರಿಷಿಯನ್ ಕೋರ್ಸ್ ಇದೆ, ಇಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಇದೆ, ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನಿರ್ವಹಣೆಯದ್ದೇ ಒಂದು ಕೋರ್ಸ್ ಇದೆ. ಟೆಲಿಕಾಂ ಕೌಶಲ ಮಂಡಳಿಯ ಬ್ರಾಡ್‌ಬ್ಯಾಂಡ್ ಟೆಕ್ನಿಷಿಯನ್ ಸರ್ಟಿಫಿಕೇಟ್ ಇದೆ. ನಮ್ಮ ಮಕ್ಕಳಿಗೆ ಎಂಜಿನಿಯರಿಂಗ್ ಸೀಟು ಸಿಗದಿದ್ದರೆ ಮುಂದಿನದ್ದು ವೀಸಾ ಎಂಬ ಲೆಕ್ಕ ಇಟ್ಟುಕೊಂಡವರು ಈ ನಡುವಿನ ದಾರಿಯನ್ನು ನೋಡಬೇಕು. ಗಲ್ಫ್‌ಗೆ ಹೋಗುವುದಾದರೂ ಕೈಯಲ್ಲಿ ಸರ್ಟಿಫಿಕೇಟ್ ಇರುವ ಟೆಕ್ನಿಷಿಯನ್ ಆಗಿ ಹೋಗುವುದಕ್ಕೂ ಹೆಲ್ಪರ್ ಆಗಿ ಹೋಗುವುದಕ್ಕೂ ವ್ಯತ್ಯಾಸ ಇದೆ ಎಂದು ಅಲ್ಲಿದ್ದು ಬಂದವರನ್ನು ಕೇಳಿದರೆ ಹೇಳುತ್ತಾರೆ.

"ಇದೆಲ್ಲ ಕಂಪೆನಿಯವರು ಮಾಡಬೇಕಾದದ್ದು, ನಮಗೆ ಯಾಕೆ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಹುಡುಗನಿಗೆ ಬೆಲ್ಟ್, ಹೆಲ್ಮೆಟ್, ಜೊತೆಗೊಬ್ಬ ಆಳು, ಅಪಘಾತವಾದರೆ ಪರಿಹಾರ, ಇವನ್ನು ಕೆಲಸ ಕೊಟ್ಟವರೇ ಕೊಡಬೇಕು. ಕನೆಕ್ಷನ್ ತೆಗೆದುಕೊಳ್ಳುವಾಗ ನಾವು ಸ್ಪೀಡ್ ಎಷ್ಟು, ತಿಂಗಳಿಗೆ ಎಷ್ಟು ಎಂದು ಕೇಳುತ್ತೇವೆ. "ನಿಮ್ಮ ಹುಡುಗರಿಗೆ ಬೆಲ್ಟ್ ಉಂಟಾ? ವರ್ಷಕ್ಕೊಮ್ಮೆ ಬಂದು ನೋಡ್ತೀರಾ?" ಎಂದೂ ಕೇಳೋಣ. ಹತ್ತು ಮನೆಯವರು ಕೇಳಿದರೆ ಹನ್ನೊಂದನೇ ಮನೆಗೆ ಬರುವಾಗ ಅವರೇ ಹೇಳುತ್ತಾರೆ. ಆದರೆ ಅವರು ಕೊಡುವವರೆಗೆ ಮಾಡು ನಮ್ಮದು, ಬೀಳುವ ಹುಡುಗನೂ ನಮ್ಮವನೇ.

ಇನ್ನು ಕೆಲವರು "ನಾಳೆ ಮನೆಮನೆಗೆ ಫೈಬರ್ ಬರ್ತದೆ, ಆಮೇಲೆ ಈ ಡಿಶ್ ಯಾಕೆ?" ಎನ್ನುತ್ತಾರೆ. ಬರಲಿ, ಒಳ್ಳೆಯದೇ. ಪೇಟೆಗೂ ರಸ್ತೆ ಬದಿಗೂ ಬಂದಾಗಿದೆ. ತೋಟದ ತಗ್ಗಿನ ಕೊನೆಯ ಮನೆಗೆ ಅದು ಕೊನೆಗೇ ಬರುವುದು. ಅಲ್ಲಿವರೆಗೆ ಎಷ್ಟು ಮಳೆಗಾಲ ಇದೆಯೋ ಅಷ್ಟೂ ಸಲ ಯಾರಾದರೂ ಹತ್ತಬೇಕು.

ಮಳೆಗಾಲದ ಪಟ್ಟಿಗೆ ಒಂದು ಸಾಲು

ನಮ್ಮ ಹಿರಿಯರಿಗೆ ಮೇ ತಿಂಗಳ ಒಂದು ಪಟ್ಟಿ ಇತ್ತು. ಒಡೆದ ಹಂಚು ಬದಲಿಸಬೇಕು, ಕಟ್ಟಿಗೆ ಒಳಗೆ ಪೇರಿಸಬೇಕು, ತೋಡಿನ ಕಸ ತೆಗೆಯಬೇಕು, ಮನೆ ಮೇಲೆ ಬಾಗಿದ ಕೊಂಬೆ ಕಡಿಸಬೇಕು. ಮಳೆ ಬಂದ ಮೇಲೆ ಮಾಡು ಹತ್ತುವ ಹಾಗಿಲ್ಲ ಎಂದು ತಿಳಿದೇ ಆ ಪಟ್ಟಿ ಮಾಡಿದ್ದರು. ಡಿಶ್ ಮಾತ್ರ ಆ ಪಟ್ಟಿಗೆ ಸೇರಲಿಲ್ಲ, ಯಾಕೆಂದರೆ ಅದು ಹಿರಿಯರ ಕಾಲದ್ದಲ್ಲ. ಅದನ್ನು ಸೇರಿಸಬೇಕಾದವರು ನಾವು.

ಸೇರಿಸಬೇಕಾದದ್ದು ಹೆಚ್ಚೇನಲ್ಲ. ಹಂಚು ನೋಡಲು ಆಳು ಹತ್ತುವ ದಿನವೇ ನೆಟ್ಟಿನ ಹುಡುಗನನ್ನೂ ಕರೆಯಿರಿ, ಒಬ್ಬ ಮೇಲಿರುವಾಗ ಇನ್ನೊಬ್ಬ ಏಣಿ ಹಿಡಿಯಲಿ. ಕ್ಲಾಂಪ್ ಬಿಗಿಯಾಗಿದೆಯಾ, ಕೇಬಲಿನ ಸಿಪ್ಪೆ ಸರಿ ಇದೆಯಾ, ಜಾಕ್ ಒಣಗಿದೆಯಾ, ಅರ್ಥಿಂಗ್ ತಂತಿ ಕಡಿದಿಲ್ಲವಾ, ಎದುರು ಮಡಲು ಬಂದಿದೆಯಾ ಎಂದು ನೋಡಲಿ. ಅರ್ಧ ಗಂಟೆಯ ಕೆಲಸ. ಅದಕ್ಕೆ ಪೆಟ್ರೋಲ್ ದುಡ್ಡಲ್ಲ, ಸರಿಯಾದ ಕೂಲಿ ಕೊಡಿ. ಮಳೆಗಾಲದಲ್ಲಿ ನೆಟ್ ಹೋದರೆ ಮೊದಲು ಒಳಗಿನ ಅಡಾಪ್ಟರ್, ಜಾಕ್, ರೂಟರ್ ನೋಡಿ. ಮೇಲೆ ಹೋಗಲೇಬೇಕೆಂದಾದರೆ ಮಾಡು ಒಣಗುವವರೆಗೆ ಕಾಯಿರಿ. ಎರಡು ದಿನ ನೆಟ್ ಇಲ್ಲದೆ ಯಾರೂ ಸಾಯುವುದಿಲ್ಲ, ಹತ್ತಿದವನು ಸಾಯಬಹುದು.

ಮಸೀದಿ ಕಮಿಟಿಗಳ ಹತ್ತಿರ ಒಂದು ವಿನಂತಿ. ಮದುವೆಗೆ ಬೇಕೆಂದು ದೊಡ್ಡ ಬಿರಿಯಾನಿ ಪಾತ್ರೆ, ಕುರ್ಚಿ, ಟೇಬಲ್ ತಂದಿಟ್ಟು ಊರಿಗೆಲ್ಲ ಕೊಡುವ ಜಮಾಅತ್‌ಗಳು ಎಷ್ಟೋ ಇವೆ. ಅದರ ಜೊತೆ ಒಂದು ಒಳ್ಳೆ ಏಣಿ, ಮೈಗೆ ಪೂರ್ತಿ ಕಟ್ಟುವ ಸೇಫ್ಟಿ ಬೆಲ್ಟ್, ಗಟ್ಟಿ ಹಗ್ಗ, ಹೆಲ್ಮೆಟ್, ಶೀಟಿನ ಮೇಲೆ ಹಾಸುವ ಎರಡು ಹಲಗೆ ಇಡಿ. ನೆಟ್ಟಿನವ, ಬಣ್ಣದವ, ಹಂಚಿನವ, ಸೋಲಾರ್‌ನವ, ಯಾರು ಹತ್ತುವುದಾದರೂ ಒಯ್ಯಲಿ. ಯಾವ ಧರ್ಮದವನ ಮಾಡಿಗಾದರೂ ಒಯ್ಯಲಿ. ಹತ್ತುವ ಹುಡುಗರ ಹೆಸರು ಬರೆದಿಟ್ಟು, ಬ್ಯಾಂಕ್ ಖಾತೆ ಇರುವವರಿಗೆ ವರ್ಷಕ್ಕೆ 20 ರೂಪಾಯಿಯಲ್ಲಿ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಮಾಹಿತಿ ಕೊಡಿ. ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ ಬರುತ್ತದೆ. ದೊಡ್ಡ ಮೊತ್ತ ಅಲ್ಲ, ಆದರೆ ಕಮಿಷನ್ ಮೇಲೆ ದುಡಿಯುವವನಿಗೆ ಅಷ್ಟೂ ಇಲ್ಲ.

ನಮ್ಮ ಮದ್ರಸದಲ್ಲಿ ಏನಾಯಿತು ಎಂದು ಹೇಳಿ ಮುಗಿಸುತ್ತೇವೆ. ನಿಜ ಹೇಳಬೇಕೆಂದರೆ ನಾವೂ ಒಂಬತ್ತು ತಿಂಗಳು ಸುಮ್ಮನೇ ಕೂತಿದ್ದೆವು. ಕಳೆದ ಆದಿತ್ಯವಾರ ಕೆಲಸ ಹಿಡಿದೆವು. ಡಿಶ್‌ನ ಪೈಪನ್ನು ಶೀಟಿನ ನಡುವಿನಿಂದ ತೆಗೆದು ಬದಿಯ ಗೋಡೆಗೆ ಕಟ್ಟಿದ್ದೇವೆ, ಇನ್ನು ಮುಂದೆ ಏಣಿಯಿಂದಲೇ ಕೈಗೆ ಎಟಕುತ್ತದೆ, ಮಾಡಿನ ಮೇಲೆ ನಡೆಯಬೇಕಿಲ್ಲ. ಜಾಯಿಂಟ್ ಇಲ್ಲದ ಹೊಸ ಕೇಬಲ್ ಎಳೆದಾಯಿತು. ವಯರ್‌ಮ್ಯಾನ್ ಬಂದು ಅರ್ಥಿಂಗ್ ಮಾಡಿದರು, ಅದಕ್ಕೆ ನೀರು ಹೊಯ್ಯುವ ಕೆಲಸ ದೊಡ್ಡ ತರಗತಿಯ ಮಕ್ಕಳಿಗೆ ಕೊಟ್ಟಿದ್ದೇವೆ. ಎಲ್ಲ ಸೇರಿ ಆದ ಖರ್ಚು ಆ ಹುಡುಗನ ಆಸ್ಪತ್ರೆ ಬಿಲ್ಲಿನ ಹತ್ತನೇ ಒಂದು ಪಾಲೂ ಇಲ್ಲ.

ಪೈಪ್ ಎಲ್ಲಿ ಬರಬೇಕು ಎಂದು ಕೆಳಗೆ ನಿಂತು ತೋರಿಸಿದವನು ಅದೇ ಹುಡುಗ. ಈಗ ನಡೆಯುತ್ತಾನೆ, ಸ್ವಲ್ಪ ಕುಂಟು ಉಳಿದಿದೆ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾನೆ. ಮೇಲೆ ಹತ್ತಿದ್ದು ಇನ್ನೊಬ್ಬ, ಬೆಲ್ಟ್ ಕಟ್ಟಿಕೊಂಡು. ಸಿಗ್ನಲ್ ಮೈನಸ್ 58 ಬಂತು. ಹುಡುಗ ಚಾಕ್ ಕೇಳಿ ತೆಗೆದುಕೊಂಡು ಅಂಕಿಯನ್ನೂ ತಾರೀಕನ್ನೂ ಗೋಡೆಯಲ್ಲಿ ಬರೆದ.

ಮಳೆಗೆ ಇನ್ನು ಐದಾರು ವಾರ ಉಂಟು. ನಿಮ್ಮ ಮಾಡು ಈಗ ಒಣಗಿದೆ.